ಏಕಕಾಲ ಸರದಿಯ ಆಟ

ಆಟಗಾರರೆಲ್ಲರೂ ತಮ್ಮ ನಡೆಯನ್ನು ಗುಟ್ಟಾಗಿ ತೀರ್ಮಾನಿಸಿ, ಒಂದೇ ಹೊತ್ತಿಗೆ ಬಯಲು ಮಾಡುವ ತಂತ್ರದ ಆಟ. ಚದುರಂಗದಲ್ಲಾಗಲಿ, ಹಳ್ಳಿಯ ಜಗಲಿಕಟ್ಟೆಯ ಕಲ್ಲಿನ ಮೇಲೆ ಗೀಚಿ ಆಡುವ ಹುಲಿ-ಕುರಿಯಲ್ಲಾಗಲಿ ಒಬ್ಬರು ಕಾಯಿ ನಡೆಸಿದ ಮೇಲೆ ಇನ್ನೊಬ್ಬರ ಸರದಿ. ಎದುರಾಳಿ ಎಲ್ಲಿಗೆ ಬಂದ ಎಂದು ನೋಡಿಯೇ ಉತ್ತರ ಕೊಡಬಹುದು. ಇಲ್ಲಿ ಆ ಅನುಕೂಲವಿಲ್ಲ. ಅವನು ಏನು ಮಾಡಿಯಾನು ಎಂಬ ಊಹೆಯೇ ಬಂಡವಾಳ.

ಹಾಸನವೇ ಇರಲಿ, ಬೆಂಗಳೂರೇ ಇರಲಿ, ಶಾಲೆ ಮಕ್ಕಳಿಗೆ ಇದರ ಪರಿಚಿತ ರೂಪ ಹ್ಯಾಂಡ್ ಕ್ರಿಕೆಟ್. ಇಬ್ಬರೂ ಒಟ್ಟಿಗೆ ಬೆರಳು ತೋರಿಸುತ್ತಾರೆ. ಬೇರೆ ಬೇರೆ ಸಂಖ್ಯೆ ಬಂದರೆ ಬ್ಯಾಟ್ ಮಾಡುವವನು ತೋರಿಸಿದಷ್ಟು ರನ್. ಒಂದೇ ಬಂದರೆ ಔಟ್. ಹೆಬ್ಬೆರಳೊಂದನ್ನೇ ಎತ್ತಿದರೆ ಆರು. ಆರರ ಆಸೆಗೆ ಬಿದ್ದವನು ಬೇಗ ಸಿಕ್ಕಿಬೀಳುತ್ತಾನೆ. ಬೌಲರ್ ಆರಕ್ಕೇ ಕಾದಿದ್ದಾನೆಂದು ಅರಿತವನು ಒಂದು ತೋರಿಸಿ ಉಳಿದುಕೊಳ್ಳುತ್ತಾನೆ. ಬೆರಳನ್ನು ಚೂರು ತಡವಾಗಿ ಬಿಚ್ಚಿದವನ ಮೇಲೆ ಜಗಳ ಖಾಯಂ.

ಈ ಜಗಳ ತಪ್ಪಿಸುವುದೇ ಬ್ರೌಸರ್ ಆಟದ ಮೊದಲ ಕೆಲಸ. ಆಟಗಾರರು ಕಳಿಸಿದ ಆದೇಶಗಳನ್ನು ಸರ್ವರ್ ಬೇರೆ ಯಾರಿಗೂ ತೋರಿಸದೆ ಇಟ್ಟುಕೊಂಡು, ಎಲ್ಲರೂ ಸಿದ್ಧ ಎಂದಾಗ ಅಥವಾ ಗಡುವು ಮುಗಿದಾಗ ಒಟ್ಟಿಗೆ ಜಾರಿ ಮಾಡುತ್ತದೆ. ಎಡೆಬಿಡದ ಸಂಪರ್ಕ ಬೇಕಿಲ್ಲ, ಆದೇಶದ ನಾಲ್ಕು ಸಾಲು ತಲುಪಿದರೆ ಸಾಕು. ನೆಟ್‌ವರ್ಕ್ ಕೈಕೊಡುವ ಊರಿನಲ್ಲೂ ಆಡಬಹುದು. ಏಳು ಜನರಿದ್ದರೂ ಏಳು ಸರದಿ ಕಾಯಬೇಕಾಗಿಲ್ಲ. ಕಷ್ಟವಿರುವುದು ನಿಯಮ ಕಟ್ಟುವುದರಲ್ಲಿ: ಯಾರ ಆದೇಶ ಮೊದಲು ಬಂದರೂ ಫಲಿತಾಂಶ ಬದಲಾಗಕೂಡದು.

ಇದಕ್ಕೆ ಮಾದರಿ ಹಾಕಿಕೊಟ್ಟದ್ದು ಕಂಪ್ಯೂಟರ್ ಆಟವಲ್ಲ. ಅಮೆರಿಕದ ಅಲನ್ ಕ್ಯಾಲ್ಹ್ಯಾಮರ್ 1959ರಲ್ಲಿ ಹೊರತಂದ ‘ಡಿಪ್ಲೊಮಸಿ’ ಎಂಬ ಮಣೆಯಾಟ. ಮೊದಲ ಮಹಾಯುದ್ಧಕ್ಕೆ ಮುಂಚಿನ ಯೂರೋಪಿನ ನಕಾಶೆ, ಏಳು ರಾಷ್ಟ್ರಗಳು, 34 ಕೇಂದ್ರಗಳು. 18 ಹಿಡಿದವರಿಗೆ ಗೆಲುವು. ದಾಳದ ಗೊಡವೆಯಿಲ್ಲ. ಎಲ್ಲರೂ ಚೀಟಿಯಲ್ಲಿ ಆದೇಶ ಬರೆದು ಒಟ್ಟಿಗೆ ತೆರೆಯುತ್ತಾರೆ. ಸಮಬಲದ ಎರಡು ಸೇನೆಗಳು ಒಂದೇ ಪ್ರಾಂತ್ಯಕ್ಕೆ ಹೊರಟರೆ ಎರಡೂ ಹೊರಟಲ್ಲೇ ಉಳಿಯುತ್ತವೆ. ಒಂದಕ್ಕೆ ಪಕ್ಕದ ಸೇನೆ ಬೆಂಬಲ ಕೊಟ್ಟರೆ ಅದು ಒಳನುಗ್ಗುತ್ತದೆ. ಆ ಬೆಂಬಲ ಬೇರೆ ರಾಷ್ಟ್ರದ್ದಾಗಿರಬಹುದು. ಕೊಟ್ಟ ಮಾತು ಉಳಿಯಿತೋ ಮುರಿಯಿತೋ ಎಂಬುದು ಚೀಟಿ ಬಿಚ್ಚಿದಾಗಲೇ ಗೊತ್ತಾಗುವುದು. ಆಟದ ರಸವೆಲ್ಲ ಇಲ್ಲಿದೆ. ಅಂಚೆಯಲ್ಲಿ ದಶಕಗಳ ಕಾಲ ನಡೆದ ಈ ಆಟ ಆಮೇಲೆ ವೆಬ್‌ಡಿಪ್ಲೊಮಸಿಯಂಥ ತಾಣಗಳ ಮೂಲಕ ಬ್ರೌಸರಿಗೆ ಬಂತು. 2022ರಲ್ಲಿ ಮೆಟಾ ಕಂಪನಿಯ ‘ಸಿಸೆರೊ’ ಎಂಬ ಕೃತಕ ಬುದ್ಧಿಮತ್ತೆ, ತಾನು ಯಂತ್ರವೆಂದು ಹೇಳಿಕೊಳ್ಳದೆ ಮನುಷ್ಯರೊಡನೆ ಆನ್‌ಲೈನಿನಲ್ಲಿ 40 ಪಂದ್ಯಗಳನ್ನಾಡಿ, ಒಂದಕ್ಕಿಂತ ಹೆಚ್ಚು ಪಂದ್ಯ ಆಡಿದವರ ಪೈಕಿ ಮೇಲಿನ ಶೇ. 10ರೊಳಗೆ ನಿಂತಿತು.

ಈ ಬಗೆಯ ಆಟಕ್ಕಿರುವ ದೊಡ್ಡ ಪಿಡುಗು ನಡುವೆಯೇ ಬಿಟ್ಟು ಹೋಗುವವರು. ಆದೇಶ ಬರದ ಸೇನೆ ಡಿಪ್ಲೊಮಸಿಯಲ್ಲಿ ನಿಂತಲ್ಲೇ ನಿಲ್ಲುತ್ತದೆ. ಅದರ ಲಾಭ ನೆರೆಯವನಿಗೆ ಬಿಟ್ಟಿ ಸಿಗುತ್ತದೆ.