ಶಿರಾ ಸೀಮೆಯಿಂದ ಚಿತ್ರರಂಗಕ್ಕೆ: ಬರಗೂರು ರಾಮಚಂದ್ರಪ್ಪನವರ ಹಾದಿಯ ಐತಿಹಾಸಿಕ ವಿವೇಚನೆ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಗಿರಿದುರ್ಗಗಳು, ಪಾಳೆಯಗಾರರು ಹಾಗೂ 1687ರಲ್ಲಿ ಮೊಗಲರ ವಶವಾದ ಶಿರಾ, ಇವುಗಳಲ್ಲಿಯೇ ನಿಲ್ಲುತ್ತಾರೆ. ಇಪ್ಪತ್ತನೆಯ ಶತಮಾನದ ವಿಷಯ ಬಂದೊಡನೆ ಈ ಸೀಮೆಯ ಬಗ್ಗೆ ಹೇಳುವುದಕ್ಕೆ ಬರಗಾಲವೊಂದೇ ಉಳಿದಿದೆಯೆಂಬ ಭಾವನೆ ಮೂಡುವುದುಂಟು. ಈ ಭಾವನೆ ಸಾಧುವಲ್ಲವೆಂಬುದನ್ನು ಶಿರಾ ತಾಲ್ಲೂಕಿನ ಬರಗೂರಿನವರಾದ ಶ್ರೀ ಬರಗೂರು ರಾಮಚಂದ್ರಪ್ಪನವರು ಚಲನಚಿತ್ರ ನಿರ್ದೇಶಕರಾಗಿ ರೂಪುಗೊಂಡ ಬಗೆಯಿಂದ ತೋರಿಸುವುದು ನಮ್ಮ ಉದ್ದೇಶ.

ಕನ್ನಡ ಚಿತ್ರರಂಗವನ್ನು ಸೇರಲು ಮೊದಲಿನಿಂದಲೂ ಇದ್ದ ರಾಜಮಾರ್ಗವು ನಾಟಕ ಕಂಪನಿಯದು. ಇದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಆರಂಭವಾದ ಕಂಪನಿಯು ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡಿನಾದ್ಯಂತ ಪ್ರಸಿದ್ಧವಾಯಿತು; 1954ರ ‘ಬೇಡರ ಕಣ್ಣಪ್ಪ’ದ ನಾಯಕ ರಾಜಕುಮಾರರು ಆ ರಂಗಭೂಮಿಯಲ್ಲಿ ಪಳಗಿದವರು. ಎರಡನೆಯ ಮಾರ್ಗವು ಶಿಕ್ಷಣಸಂಸ್ಥೆಯದು. 1960ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಚಲನಚಿತ್ರ ಸಂಸ್ಥೆಯಲ್ಲಿ ಕಲಿತ ಗಿರೀಶ ಕಾಸರವಳ್ಳಿಯವರು 1977ರಲ್ಲಿ ‘ಘಟಶ್ರಾದ್ಧ’ವನ್ನು ನಿರ್ದೇಶಿಸಿದರು. ದೂರದ ಕಜಾಕಸ್ತಾನದಲ್ಲಿಯೂ 1980ರ ದಶಕದ ಹೊಸ ನಿರ್ದೇಶಕರು ಮಾಸ್ಕೋ ನಗರದ ಚಲನಚಿತ್ರ ಸಂಸ್ಥೆಯ ತರಬೇತಿಯಿಂದಲೇ ಹೊರಬಂದರು.

ರಾಮಚಂದ್ರಪ್ಪನವರದು ಈ ಎರಡೂ ಅಲ್ಲದ ಮೂರನೆಯ ದಾರಿ. ಅವರು ಕನ್ನಡದ ಅಧ್ಯಾಪಕರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಕವಿತೆ, ಕಾದಂಬರಿ, ವಿಮರ್ಶೆಗಳನ್ನು ಬರೆಯುತ್ತಲೇ ಅವರು ಚಿತ್ರಕ್ಕೆ ಬಂದರು. 1978ರ ‘ಒಂದು ಊರಿನ ಕಥೆ’ಯಿಂದ ಅವರ ಚಿತ್ರಜೀವನವು ಆರಂಭವಾಯಿತು. ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ದೊರೆಯದುದರಿಂದ ಅಸಮಾಧಾನವೆದ್ದು, 1979ರಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನವು ಸೇರಿತು. ಆ ಸಂಘಟನೆಯ ಮುಂಚೂಣಿಯಲ್ಲಿ ನಿಂತವರಲ್ಲಿ ಇವರೂ ಒಬ್ಬರು. ಚಿತ್ರ ಮತ್ತು ಚಳವಳಿ ಹೀಗೆ ಹೆಚ್ಚು ಅಂತರವಿಲ್ಲದೆ ಕೂಡಿಬಂದುದು ಗಮನಾರ್ಹ. ‘ಬೆಂಕಿ’, ‘ಸೂರ್ಯ’ ಎಂಬ ಹೆಸರುಗಳು ಅವರ ಕಾದಂಬರಿಗಳಿಗೂ ಚಿತ್ರಗಳಿಗೂ ಸಮಾನವಾಗಿರುವುದು, ಲೇಖಕನೂ ನಿರ್ದೇಶಕನೂ ಇಲ್ಲಿ ಬೇರೆಯಲ್ಲವೆಂಬುದಕ್ಕೆ ಸಾಕ್ಷಿ.

ಈ ಮಾರ್ಗದ ಫಲವನ್ನು 2000ದ ‘ಹಗಲುವೇಷ’ದಲ್ಲಿ ಕಾಣಬಹುದು. ಪುರಾಣಪುರುಷರ ವೇಷ ಧರಿಸಿ, ಹಗಲು ಹೊತ್ತಿನಲ್ಲಿ ಮನೆಮನೆಯ ಮುಂದೆ ನಿಂತು ಮಾತು, ಹಾಡುಗಳಿಂದ ರಂಜಿಸಿ ಕಾಳುಕಡ್ಡಿ ಪಡೆಯುವ ಅಲೆಮಾರಿ ಕಲಾವಿದರು ಕನ್ನಡ–ತೆಲುಗು ಗಡಿಸೀಮೆಗೆ ಚಿರಪರಿಚಿತರು. ಮೂರು ಕಡೆ ಆಂಧ್ರದಿಂದ ಸುತ್ತುವರಿದ ಪಾವಗಡವೂ ಆ ಗಡಿಸೀಮೆಗೆ ಸೇರಿದುದೇ. ಶಾಸನಗಳಲ್ಲಿ ಹೆಸರಿಲ್ಲದ ಇಂಥವರ ಕಲೆಯು, ಶಿವರಾಜಕುಮಾರರಂಥ ಜನಪ್ರಿಯ ನಟರು ನಾಯಕರಾದ ಚಿತ್ರಕ್ಕೆ ವಸ್ತುವಾಯಿತು. ಮುಂದೆ ಒಬ್ಬಳೇ ನಟಿಯಿರುವ ‘ಶಾಂತಿ’ ಚಿತ್ರವು ಗಿನ್ನೆಸ್ ದಾಖಲೆಗೆ ಸೇರಿತು. ಜನ್ನನ ‘ಯಶೋಧರ ಚರಿತೆ’ಯನ್ನು ಆಧರಿಸಿದ ‘ಅಮೃತಮತಿ’ಯಲ್ಲಿ ಹದಿಮೂರನೆಯ ಶತಮಾನದ ಕಾವ್ಯವೊಂದನ್ನು ರಾಣಿಯ ಕಡೆಯಿಂದ ನೋಡುವ ಪ್ರಯತ್ನವಿದೆ. ಕನ್ನಡ ಅಧ್ಯಾಪಕನ ಓದು ಚಿತ್ರಕ್ಕೆ ಬಂಡವಾಳವಾದುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. 2016ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ದೊರೆತಾಗ, ಹಿಂದೊಮ್ಮೆ ಪ್ರತಿಭಟಿಸಿ ಹೊರನಿಂತ ಚಳವಳಿಗೂ ಆ ಪೀಠದಲ್ಲಿ ಸ್ಥಾನ ದೊರೆತಂತಾಯಿತು.

ಈ ಮೂರನೆಯ ಮಾರ್ಗಕ್ಕೆ ಕೊರತೆಗಳೂ ಇದ್ದುವು. ಕಂಪನಿಗಿದ್ದ ಪ್ರೇಕ್ಷಕವರ್ಗವಾಗಲಿ ಸಂಸ್ಥೆಯು ಕೊಡುವ ತಾಂತ್ರಿಕ ಶಿಕ್ಷಣವಾಗಲಿ ಅಧ್ಯಾಪಕನಿಗೆ ಸಹಜವಾಗಿ ಒದಗುವುದಿಲ್ಲ. ವಿಚಾರವು ದೃಶ್ಯವನ್ನು ಮೀರಿ ಮಾತಾಗಿಬಿಡುವ ಅಪಾಯವೂ ಇಲ್ಲದಿಲ್ಲ. ಆದರೆ ನೀರಾವರಿಯಿಲ್ಲದ ಸೀಮೆಯ ಹಳ್ಳಿಯ ಹುಡುಗನಿಗೆ ಶಾಲೆ, ಕಾಲೇಜು, ಪುಸ್ತಕಗಳ ಮೂಲಕ ತೆರೆದ ದಾರಿ ಇದೊಂದೇ ಆಗಿತ್ತೆಂಬುದನ್ನು ನಾವು ಮರೆಯಲಾಗದು.

ಹಳೆಯ ಚಿತ್ರಗಳ ಪ್ರತಿಗಳು ಜೀರ್ಣವಾಗುತ್ತಿವೆ. ಅವುಗಳನ್ನು ಊರಿನ ಟೆಂಟಿನಲ್ಲಿ ಮೊದಲು ನೋಡಿದವರಿಗೆ ವಯಸ್ಸಾಗಿದೆ. ಶಾಸನಗಳನ್ನು ಪಡಿಯಚ್ಚು ತೆಗೆದು ಕಾಪಾಡುವ ಶ್ರದ್ಧೆಯನ್ನು ನಾವು ಇವುಗಳಿಗೂ ತೋರದಿದ್ದರೆ, ಈ ನಾಲ್ಕು ತಾಲ್ಲೂಕುಗಳ ಇತಿಹಾಸವು ಕೋಟೆಯ ಗೋಡೆಯೊಳಗೇ ಉಳಿದುಹೋದೀತು.