ಬಾಟಲಿ ತಪಾಸಣಾ ಯಂತ್ರ ಮತ್ತು ಅದರ ದೋಷಶೋಧನೆ

ತೊಳೆದು ಬಂದ ಖಾಲಿ ಬಾಟಲಿಯಲ್ಲಿ ಒಡಕು, ಕಸ, ತೊಳೆಯಲು ಬಳಸಿದ ಕಾಸ್ಟಿಕ್ ಕ್ಷಾರದ ನೀರು ಉಳಿದಿದೆಯೇ ಎಂದು ನೋಡಿ, ಕೆಟ್ಟದ್ದನ್ನು ಸಾಲಿನಿಂದ ಹೊರತಳ್ಳುವ ಯಂತ್ರ. ಮೊದಲು ಈ ತಪಾಸಣೆ ಬರಿಗಣ್ಣಿನ ಕೆಲಸವಾಗಿತ್ತು. ಬೆಳಕಿನ ಪರದೆಯ ಮುಂದೆ ಸಾಗುವ ಬಾಟಲಿಗಳನ್ನು ಕೆಲಸಗಾರರು ಕೂತು ನೋಡುತ್ತಿದ್ದರು. ಕಣ್ಣು ಸೋಲುತ್ತದೆಂದು ಆಗಾಗ ಆಳು ಬದಲಾಗುತ್ತಿತ್ತು. 1903ರ ಹೊತ್ತಿಗೆ ಅಮೆರಿಕದ ಮೈಕೇಲ್ ಓವೆನ್ಸ್ ಬಾಟಲಿ ತಯಾರಿಕೆಯನ್ನೇ ಸ್ವಯಂಚಾಲಿತಗೊಳಿಸಿದ. ಬಾಟಲಿಗಳ ಓಟ ಹೆಚ್ಚಿತು, ಕಣ್ಣಿನದು ಹೆಚ್ಚಲಿಲ್ಲ.

ಕಣ್ಣು ತಪ್ಪಿದರೆ ಹೊಣೆ ಯಾರದೆಂಬ ಪ್ರಶ್ನೆಯೂ ಎದ್ದಿತು. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಮೇ ಡಾನಹ್ಯೂ ಎಂಬಾಕೆ ಜಿಂಜರ್ ಬಿಯರ್ ಕುಡಿದ ಬಾಟಲಿಯಿಂದ ಕೊಳೆತ ಬಸವನಹುಳು ಬಿತ್ತೆಂದು ಮರುವರ್ಷ ದಾವೆ ಹೂಡಲಾಯಿತು. ಗಾಜು ಅಪಾರದರ್ಶಕ; ಕುಡಿಯುವವರಿಗೆ ಒಳಗೇನಿದೆ ಕಾಣುವಂತಿರಲಿಲ್ಲ. ಬಳಕೆದಾರರ ಬಗ್ಗೆ ತಯಾರಕನಿಗೆ ಹೊಣೆಯಿದೆ ಎಂದು 1932ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. (ಹುಳು ನಿಜಕ್ಕೂ ಇತ್ತೇ ಎಂಬುದು ಕೊನೆಗೂ ಸಾಬೀತಾಗಲಿಲ್ಲ.)

ಬರಿಗಣ್ಣಿನ ಜಾಗಕ್ಕೆ ಬಂದ ಮೊದಲ ಯಂತ್ರಗಳು ತಳದಿಂದ ಬೆಳಕು ಹಾಯಿಸಿ, ಮೇಲಿನ ಫೋಟೊಸೆಲ್‌ನಿಂದ ನೆರಳು ಹಿಡಿಯುತ್ತಿದ್ದವು. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಸಿಸಿಡಿ ಎಂಬ ಬೆಳಕು ಗ್ರಹಿಸುವ ಚಿಪ್ ಮುಂದೆ ಕ್ಯಾಮೆರಾಗೆ ದಾರಿಮಾಡಿತು. ಗಂಟೆಗೆ 60,000 ಬಾಟಲಿ ಓಡುವ ಲೈನಿನಲ್ಲಿ ಒಂದೊಂದಕ್ಕೆ ಸಿಗುವುದು ಸೆಕೆಂಡಿನ ಸುಮಾರು ಹದಿನೇಳನೇ ಒಂದು ಪಾಲು.

ದೋಷಶೋಧನೆಯ ಕಸುಬು ಇಲ್ಲಿಂದ ಬೆಳೆಯಿತು. ಯಂತ್ರದ ತಪ್ಪು ಎರಡು ಬಗೆ: ಕೆಟ್ಟದ್ದನ್ನು ಬಿಡುವುದು, ಒಳ್ಳೆಯದನ್ನು ತಳ್ಳುವುದು. ಮೊದಲನೆಯದನ್ನು ಹಿಡಿಯಲು ಬೇಕೆಂದೇ ಕೆಡಿಸಿಟ್ಟ ಪರೀಕ್ಷಾ ಬಾಟಲಿಗಳ ಸೆಟ್ಟನ್ನು ಪಾಳಿಯಲ್ಲಿ ಆಗಾಗ ಹಾಯಿಸುತ್ತಾರೆ; ಒಂದು ಪಾರಾದರೂ ಲೈನು ನಿಲ್ಲಬೇಕು. ಇಲ್ಲೊಂದು ಮೋಸವಿದೆ. ಓಡಿ ಓಡಿ ಪರೀಕ್ಷಾ ಬಾಟಲಿಯ ಮೈ ಸವೆದು ಬೆಳ್ಳಗಾಗುತ್ತದೆ. ಯಂತ್ರ ತಳದ ಬಿರುಕನ್ನು ಕಾಣದೆ, ಆ ಸವೆತವನ್ನೇ ಕಂಡು ಹೊರತಳ್ಳಿದರೂ ಪರೀಕ್ಷೆ ಪಾಸಾದಂತೆ ಕಾಣುತ್ತದೆ. ಔಷಧ ಸೀಸೆಗಳ ಕ್ಷೇತ್ರದಲ್ಲಿ ಜೂಲಿಯಸ್ ನ್ಯಾಪ್ 1980ರ ಸುಮಾರಿಗೆ ಬೇರೆ ಅಳತೆಗೋಲು ತಂದರು: ಒಂದೇ ಸೀಸೆಯನ್ನು ಮತ್ತೆ ಮತ್ತೆ ನೋಡಿಸಿ, ಎಷ್ಟು ಸಲ ತಿರಸ್ಕೃತವಾಯಿತೆಂದು ಎಣಿಸಿ, ಮನುಷ್ಯನ ಫಲಿತಾಂಶದೊಡನೆ ಯಂತ್ರದ್ದನ್ನು ತೂಗುವುದು.

ಒಳ್ಳೆಯ ಬಾಟಲಿಗಳು ತಿರಸ್ಕೃತವಾಗಿ ರಾಶಿ ಬಿದ್ದಾಗ ಸೆಟ್ಟಿಂಗ್ ಸಡಿಲಿಸುವುದು ಸುಲಭ. ಹಾಗೆ ಮಾಡಿದರೆ ಗಾಜಿನ ಚೂರೂ ದಾಟುತ್ತದೆ. ಬಲ್ಲವರು ಬಾಟಲಿ ಕೈಗೆತ್ತಿಕೊಂಡು ತಳ ನೋಡುತ್ತಾರೆ. ಹೊರಗೆ ಅಂಟಿದ ನೊರೆಯ ಹನಿಯೂ ಕ್ಯಾಮೆರಾಗೆ ಕಸವೇ. ಹಾಗಿದ್ದರೆ ಕೆಟ್ಟಿರುವುದು ತಳ ಒಣಗಿಸಲು ಗಾಳಿ ಊದುವ ನಳಿಕೆ. ಇನ್ನು ಕೆಲವೊಮ್ಮೆ ಕ್ಯಾಮೆರಾ ಸರಿಯಾಗಿಯೇ ನೋಡಿರುತ್ತದೆ. ಕನ್ವೇಯರ್ ಮೇಲೆ ಬಾಟಲಿ ಜಾರಿ, ಅದರ ಚಲನೆ ಅಳೆಯುವ ಎನ್‌ಕೋಡರ್ ಲೆಕ್ಕ ತಪ್ಪಿ, ತಳ್ಳುಗೋಲು ಪಕ್ಕದ ಬಾಟಲಿಯನ್ನು ಹೊಡೆದಿರುತ್ತದೆ. ಒಡಕಿನದು ನೆಟ್ಟಗೆ ಪಾನೀಯ ತುಂಬುವ ಫಿಲ್ಲರ್‌ಗೆ ಹೋಗಿರುತ್ತದೆ.