ಗೋರ್ಡೇಲ್ ಕಮರಿಯೂ ಭಯಾನಕರಸವೂ

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ ಮಾಲ್‌ಹಮ್ ಎಂಬ ಗ್ರಾಮದ ಸಮೀಪದಲ್ಲಿ ಗೋರ್ಡೇಲ್ ಎಂಬ ಕಮರಿಯುಂಟು. ಇದರ ಇಕ್ಕೆಲಗಳಲ್ಲಿಯೂ ಸುಣ್ಣಕಲ್ಲಿನ ಬಂಡೆಗಳು ೩೦೦ ಅಡಿಗೂ ಮಿಗಿಲಾಗಿ ಎದ್ದು ಮುಂದಕ್ಕೆ ಬಾಗಿ ನಿಂತಿವೆ. ನಡುವೆ ನೀರು ಧುಮುಕುತ್ತದೆ. ೧೭೬೯ರಲ್ಲಿ ಇಲ್ಲಿಗೆ ಬಂದ ಥಾಮಸ್ ಗ್ರೇ ಕವಿಯು, ಮೈನಡುಕವಿಲ್ಲದೆ ನಿಲ್ಲಲಾಗಲಿಲ್ಲವೆಂದು ಬರೆದಿಟ್ಟಿರುವನು. ಚಿತ್ರಕಲಾರಸಿಕನಾದ ಸರ್ ಜಾರ್ಜ್ ಬ್ಯೂಮಂಟನು ಈ ಸ್ಥಳವು ಕಲೆಯ ಶಕ್ತಿಗೆ ಮೀರಿದುದೆಂದು ನಿರ್ಣಯಿಸಿದ್ದನು.

ಈ ನಿರ್ಣಯಕ್ಕೆ ಕುಂಚದಿಂದಲೇ ಉತ್ತರವಿತ್ತವನು ಜೇಮ್ಸ್ ವಾರ್ಡ್ (೧೭೬೯–೧೮೫೯). ಆ ಭೂಮಿಯ ಒಡೆಯನಾದ ಲಾರ್ಡ್ ರಿಬ್ಬಲ್ಸ್‌ಡೇಲನಿಗಾಗಿ ಆತನು ರಚಿಸಿದ ಪಟವು ೧೮೧೫ರಲ್ಲಿ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿತವಾಯಿತು. ಅದರ ಎತ್ತರ ಸುಮಾರು ೧೧ ಅಡಿ, ಅಗಲ ಸುಮಾರು ೧೪ ಅಡಿ. ೧೭೯೩ರಿಂದ ೧೮೧೫ರವರೆಗೆ ಫ್ರಾನ್ಸಿನೊಡನೆ ನಡೆದ ಯುದ್ಧಗಳ ದೆಸೆಯಿಂದ ಆಲ್ಪ್ಸ್ ಪರ್ವತಗಳ ಯಾತ್ರೆಯು ಬಹುಮಟ್ಟಿಗೆ ನಿಂತುಹೋಗಿ, ಇಂಗ್ಲಿಷ್ ಚಿತ್ರಕಾರರು ಸ್ವದೇಶದ ದುರ್ಗಮಸ್ಥಳಗಳನ್ನೇ ಅರಸುತ್ತಿದ್ದ ಕಾಲವದು.

ವಾರ್ಡನು ಬಂಡೆಗಳನ್ನು ಇದ್ದುದಕ್ಕಿಂತ ಎತ್ತರವಾಗಿ ಬರೆದಿರುವನು. ಬುಡದಲ್ಲಿರುವ ಬಿಳಿಯ ಗೂಳಿ, ದನಗಳು, ಜಿಂಕೆಗಳು ಅತ್ಯಲ್ಪವಾಗಿ ಕಾಣುತ್ತವೆ. ಅಳತೆಗೋಲು ಹಿಡಿದವನಿಗೆ ಇದು ದೋಷವೇ ಸರಿ. ಆದರೆ ಚಿತ್ರಕಾರನ ಉದ್ದೇಶವು ಶಿಲೆಯ ಪ್ರಮಾಣವಲ್ಲ, ಅದರಡಿಯಲ್ಲಿ ನಿಂತವನ ಭಯ. ಎಡ್ಮಂಡ್ ಬರ್ಕನು ೧೭೫೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆಪತ್ತು ಮೈಮೇಲೆ ಬಂದರೆ ಭಯವು ಕೇವಲ ದುಃಖವೆಂದೂ, ತಕ್ಕಷ್ಟು ದೂರದಲ್ಲಿದ್ದರೆ ಅದೇ ಆಹ್ಲಾದಕರವೆಂದೂ ಪ್ರತಿಪಾದಿಸಿದ್ದನು. ನಮ್ಮ ಆಲಂಕಾರಿಕರಲ್ಲಿ ಅಭಿನವಗುಪ್ತಾಚಾರ್ಯರು ಇನ್ನೂ ಮುಂದೆ ಹೋಗಿರುವರು. ಶಾಕುಂತಲದಲ್ಲಿ ಬೆದರಿ ಓಡುವ ಜಿಂಕೆಯನ್ನು ಉದಾಹರಿಸಿ, ಆ ಭಯವು ‘ನನ್ನದು’, ‘ಪರರದು’ ಎಂಬ ಸಂಬಂಧವನ್ನು ಕಳೆದುಕೊಂಡಾಗ ಮಾತ್ರ ಭಯಾನಕರಸವಾಗುವುದೆಂದು ವಿವರಿಸಿರುವರು. ಬರ್ಕನು ಹೇಳಿದುದು ದೂರ. ಆಚಾರ್ಯರು ಹೇಳಿದುದು ಮಮತ್ವದ ನಿವೃತ್ತಿ.

ಈ ಭೇದವು ಪ್ರಕೃತ ಪಟದಲ್ಲಿಯೇ ಸ್ಪಷ್ಟವಾಗುತ್ತದೆ. ಪಟದ ಪೂರ್ಣನಾಮದಲ್ಲಿ ಆ ಸ್ಥಳವು ಲಾರ್ಡ್ ರಿಬ್ಬಲ್ಸ್‌ಡೇಲನ ಸ್ವತ್ತೆಂಬ ಉಲ್ಲೇಖವಿದೆ. ಯಾರ ಅಂಕೆಗೂ ಒಳಪಡದ ಪ್ರಕೃತಿಯೆಂದು ಕುಂಚವು ಸಾರಿದರೆ, ಇಂಥವನ ಆಸ್ತಿಯೆಂದು ಹೆಸರು ಸಾರುತ್ತದೆ. ಹೀಗೆ ಅಭಿಮಾನವಿದ್ದೆಡೆಯಲ್ಲಿ ವಿಸ್ಮಯವಿರಬಹುದು, ಹೆಮ್ಮೆಯಿರಬಹುದು, ಶುದ್ಧರಸವಿರಲಾರದು. ಇಂದು ಆ ಪಟವು ಲಂಡನ್ನಿನ ಟೇಟ್ ಚಿತ್ರಶಾಲೆಗೆ ಸೇರಿದೆ. ಒಡೆಯನ ಹೆಸರು ಪಟ್ಟಿಯಲ್ಲಿ ಮಾತ್ರ ಉಳಿದಿದೆ. ಬಂಡೆಯಡಿಯ ಭಯವಾದರೋ ಅದರೆದುರು ನಿಂತ ಸಹೃದಯರೆಲ್ಲರಿಗೂ ಸಾಧಾರಣವಾಗಿದೆ.